ನಮ್ಮ ಗದ್ದೆಯ ಗುಳ್ಳೆ, ಮಗನ ಬೈಕಿನ ಹೊಗೆ

ಪ್ರಶ್ನೆ: ನಮ್ಮದು ಅಂಕೋಲಾ ಕಡೆಯ ಹಳ್ಳಿ. 2 ಎಕರೆ ಬೈಲು ಗದ್ದೆ, ತಗ್ಗಿನದು. ಮಳೆಗಾಲಕ್ಕೆ ಜಯಾ ಭತ್ತ, ಬೇಸಿಗೆಗೆ ಶೇಂಗಾ. ಭತ್ತ ಸುಮಾರು 30 ಕ್ವಿಂಟಲ್ ಬರುತ್ತದೆ. ಕೊಯ್ಲಿಗೆ ಆಳು ಸಿಗದೆ ಎರಡು ವರ್ಷದಿಂದ ಮಷಿನ್ ತರಿಸುತ್ತಿದ್ದೇವೆ. ಅದು ಬಿಟ್ಟುಹೋದ ಹುಲ್ಲನ್ನು ಬದಿಗೆ ಒಟ್ಟಿ ಶೇಂಗಾ ಹಾಕುತ್ತೇವೆ. ಜೂನಿನಲ್ಲಿ ಅದನ್ನೇ ಹರಡಿ, ಕೊಟ್ಟಿಗೆ ಗೊಬ್ಬರದ ಜೊತೆ ಹೂಟಿ ಮಾಡುತ್ತೇವೆ. ಮಗ ಹುಬ್ಬಳ್ಳಿಯಲ್ಲಿ ಓದುತ್ತಾನೆ. "ನನ್ನ ಬೈಕಿಗಿಂತ ನಿನ್ನ ಗದ್ದೆಯೇ ಭೂಮಿಯನ್ನ ಜಾಸ್ತಿ ಬಿಸಿ ಮಾಡ್ತದೆ ಅಮ್ಮ" ಅನ್ನುತ್ತಾನೆ. ನಿಜವಾ? ನನ್ನ ತವರು ಕುಮಟಾದ ಗಜನಿ ಕಡೆ, ಅಂದರೆ ಸಮುದ್ರದ ಉಪ್ಪುನೀರು ಏರುವ ಗದ್ದೆ. ಅಲ್ಲಿನ ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಹಾಗಾದರೆ ಅಲ್ಲಿ ಇನ್ನೂ ಜಾಸ್ತಿಯಾ? ಮೊನ್ನೆ ಕಾರ್ಬನ್ ಕ್ರೆಡಿಟ್ ಅಂತ ಒಬ್ಬರು ಬಂದಿದ್ದರು. ಗದ್ದೆಗೆ ಪೈಪು ಹೂತು, ಆಗಾಗ ನೀರು ಒಣಗಿಸಿದರೆ ದುಡ್ಡು ಕೊಡುತ್ತೇವೆ ಅಂದರು. ಆಷಾಢದ ಮಳೆಯಲ್ಲಿ ಗದ್ದೆ ಒಣಗಿಸುವುದು ಹೇಗೆ ಸರ್?

ಉತ್ತರ: ಮಗ ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದಾನೆ. ಉಳಿದರ್ಧ ನಿಮ್ಮ ಜೂನ್ ತಿಂಗಳ ಹುಲ್ಲಿನಲ್ಲಿದೆ. ಪೈಪಿನವರು ಹುಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ ಅನ್ನುವುದು ನನಗೆ ಸೋಜಿಗ. ಲೆಕ್ಕ ಆಮೇಲೆ ಮಾಡೋಣ, ಮೊದಲು ಗದ್ದೆಗೆ ಇಳಿಯೋಣ.

ನಟ್ಟಿ ಮುಗಿದು ಮೂರು ವಾರ ಆದ ಮೇಲೆ, ಮಳೆ ಒಂದು ಗಳಿಗೆ ಬಿಟ್ಟಾಗ, ಗದ್ದೆಯಲ್ಲಿ ನಿಂತು ಕಾಲನ್ನು ಮೆಲ್ಲಗೆ ಒತ್ತಿ ನೋಡಿ. ಹಿಮ್ಮಡಿಯ ಸುತ್ತ ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಕಳೆ ಕೀಳುವಾಗ ನೀವು ಸಾವಿರ ಸಲ ನೋಡಿರುತ್ತೀರಿ. ಆ ಗುಳ್ಳೆಯಲ್ಲಿ ಒಳ್ಳೆಯ ಪಾಲು ಮಿಥೇನ್ ಇರುತ್ತದೆ. ಮಗ ಹೇಳಿದ, ಭೂಮಿಯನ್ನು ಬಿಸಿ ಮಾಡುವ ಅನಿಲ ಅದೇ. ಬಣ್ಣ ಇಲ್ಲ, ವಾಸನೆಯೂ ಇಲ್ಲ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಎದ್ದ ಗುಳ್ಳೆಗಳನ್ನು ಬಾಟಲಿಗೆ ಹಿಡಿದ. ಬೆಂಕಿ ತೋರಿಸಿದರೆ ಅದು ಉರಿಯಿತು. ಕರೆಂಟಿನ 'ವೋಲ್ಟ್' ಬಂದದ್ದು ಇದೇ ವೋಲ್ಟಾನ ಹೆಸರಿನಿಂದ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ಅನಿಲ. ಅಂದರೆ ನಿಮ್ಮ ಗದ್ದೆ ಮುಚ್ಚಳ ಇಲ್ಲದ ಒಂದು ಗೋಬರ್ ಗ್ಯಾಸ್ ಗುಂಡಿ ಅಂತಲೇ ಇಟ್ಟುಕೊಳ್ಳಿ.

ಇದು ಹುಟ್ಟುವುದು ಹೇಗೆ? ಮದುವೆ ಮನೆಯ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಊಟ ಎಂದರೆ ಹುಲ್ಲು, ಕೂಳೆ, ಸಗಣಿ, ಸತ್ತ ಬೇರು. ಆದರೆ ಎಲ್ಲರೂ ಒಟ್ಟಿಗೆ ಕೂರುವಂತಿಲ್ಲ. ಮೊದಲ ಪಂಕ್ತಿ ಆಮ್ಲಜನಕ ಉಸಿರಾಡುವವರದು. ಗದ್ದೆಯಲ್ಲಿ ನೀರು ನಿಂತರೆ ಮಣ್ಣಿನೊಳಗಿನ ಆಮ್ಲಜನಕ ಒಂದೆರಡು ದಿನಕ್ಕೇ ಖಾಲಿ. ಅವರು ಏಳುತ್ತಾರೆ. ಆಮೇಲೆ ನೈಟ್ರೇಟ್ ಬಳಸುವವರು ಬರುತ್ತಾರೆ, ಅವರ ಹಿಂದೆ ಮ್ಯಾಂಗನೀಸ್ ಬಳಸುವವರು. ನಂತರ ಕಬ್ಬಿಣದ ತುಕ್ಕು ಬಳಸುವವರ ಸರದಿ. ಅವರಾದ ಮೇಲೆ ಗಂಧಕದ ಉಪ್ಪು, ಅಂದರೆ ಸಲ್ಫೇಟ್ ಬಳಸುವವರು. ಇವರೆಲ್ಲ ಉಂಡು ಎದ್ದ ಮೇಲೆ ಕಟ್ಟಕಡೆಯ ಪಂಕ್ತಿಗೆ ಕೂರುವವರೇ ಮಿಥೇನ್ ಮಾಡುವವರು. ಇವರಿಗೆ ಆಮ್ಲಜನಕ ಸೋಕಿದರೂ ಆಗುವುದಿಲ್ಲ. ನೀರು ನಿಂತು ಎರಡು ಮೂರು ವಾರ ಆದ ಮೇಲೆಯೇ ಇವರ ಕಾರುಬಾರು ಜೋರಾಗುವುದು.

ಈ ಪಂಕ್ತಿಗಳ ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹುಲ್ಲು ಹಾಕುವುದು ಎಂದರೆ ಅಡುಗೆ ಜಾಸ್ತಿ ಮಾಡಿದ ಹಾಗೆ, ಕೊನೆಯ ಪಂಕ್ತಿಗೂ ಭರ್ತಿ ಊಟ. ನೀರು ಬಿಡುವುದು ಎಂದರೆ ಮೊದಲ ಪಂಕ್ತಿಯವರನ್ನು ಮತ್ತೆ ಕರೆದು ಕೂರಿಸಿದ ಹಾಗೆ.

ನಮ್ಮ ಕರಾವಳಿಗೆ ಇದರಲ್ಲಿ ಒಂದು ಸಣ್ಣ ಅನುಕೂಲ ಇದೆ. ಚಿರೆಕಲ್ಲಿನ ಮಣ್ಣಿನಲ್ಲಿ ಕಬ್ಬಿಣ ದಂಡಿ. ಗುಡ್ಡದ ಬುಡದ ಗದ್ದೆಯಲ್ಲಿ ಒರತೆ ನೀರಿನ ಮೇಲೆ ಕೆಂಪು ಎಣ್ಣೆಯಂಥ ಕೆನೆ ನಿಂತಿರುತ್ತದಲ್ಲ, ಅದನ್ನು ನೋಡಿ ಯಾರದೋ ಪಂಪಿನ ಡೀಸೆಲ್ ಸೋರಿದೆ ಅಂತ ಬೈಯುವವರಿದ್ದಾರೆ. ಒಂದು ಕಡ್ಡಿಯಿಂದ ಚುಚ್ಚಿ. ಡೀಸೆಲ್ ಆದರೆ ಸುತ್ತಿಕೊಂಡು ಮತ್ತೆ ಕೂಡುತ್ತದೆ. ಕಬ್ಬಿಣದ ಕೆನೆಯಾದರೆ ಗಾಜಿನ ಹಾಗೆ ಚೂರುಚೂರಾಗಿ ಒಡೆಯುತ್ತದೆ. ಮಣ್ಣಿನೊಳಗೆ ಕಬ್ಬಿಣದ ಪಂಕ್ತಿ ನಡೆದಿದೆ ಅನ್ನುವುದಕ್ಕೆ ಅದೇ ಗುರುತು. ಆ ಪಂಕ್ತಿ ಎಷ್ಟು ಉದ್ದವೋ ಮಿಥೇನ್ ಅಷ್ಟು ತಡ. ಹಾಗಂತ ಬರುವುದೇ ಇಲ್ಲ ಅಂತಲ್ಲ.

ಇನ್ನೊಂದು ಮಾತು. ಗುಳ್ಳೆ ಕಣ್ಣಿಗೆ ಕಾಣುತ್ತದೆ ಅಂತ ಎಲ್ಲವೂ ಗುಳ್ಳೆಯಲ್ಲೇ ಹೋಗುತ್ತದೆ ಅಂದುಕೊಳ್ಳಬೇಡಿ. ಬೆಳೆ ಬಲಿತ ಮೇಲೆ ಹೆಚ್ಚಿನ ಪಾಲು, ಕೆಲವೊಮ್ಮೆ ನೂರಕ್ಕೆ 90ರವರೆಗೂ, ಭತ್ತದ ಗಿಡದೊಳಗಿಂದಲೇ ಹೊರಗೆ ಹೋಗುತ್ತದೆ. ಒಂದು ಬುಡವನ್ನು ಕಿತ್ತು, ದಂಟಿನ ಕೆಳಭಾಗವನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಬೆಳಕಿಗೆ ಹಿಡಿಯಿರಿ. ದಂಟನ್ನು ಸುತ್ತಿದ ಎಲೆಯ ಬುಡದಲ್ಲಿ ಸಾಲಾಗಿ ಸಣ್ಣ ಸಣ್ಣ ತೂತು ಕಾಣುತ್ತವೆ. ಕೆಸರಿನಲ್ಲಿ ಬೇರು ಉಸಿರುಗಟ್ಟದಿರಲಿ ಅಂತ ಗಿಡ ಮಾಡಿಕೊಂಡ ಗಾಳಿಕೊಳವೆ ಅದು. ಆ ಕೊಳವೆಯಲ್ಲಿ ಆಮ್ಲಜನಕ ಕೆಳಗಿಳಿಯುತ್ತದೆ, ಮಿಥೇನ್ ಮೇಲೇರುತ್ತದೆ. ಬೇರನ್ನು ತೊಳೆದು ನೋಡಿದರೆ ಮೈಗೆ ತುಕ್ಕಿನ ಬಣ್ಣ ಹತ್ತಿರುತ್ತದೆ. ಇಳಿದ ಆಮ್ಲಜನಕ ಅಲ್ಲಿ ಕಬ್ಬಿಣವನ್ನು ತುಕ್ಕು ಹಿಡಿಸಿದೆ ಎಂದರ್ಥ. ಅದೇ ಜಾಗದಲ್ಲಿ ಮಿಥೇನನ್ನೇ ತಿಂದು ಬದುಕುವ ಬೇರೆ ಸೂಕ್ಷ್ಮಜೀವಿಗಳೂ ಇವೆ. ಹುಟ್ಟಿದ್ದರಲ್ಲಿ ಒಂದಷ್ಟನ್ನು ಅವು ಅಲ್ಲೇ ಮುಗಿಸುತ್ತವೆ. ಬೇರು ಕೆಂಪಾಗಿದ್ದರೆ ಒಳ್ಳೆಯದು. ಕಪ್ಪಾಗಿದ್ದರೆ ಮಣ್ಣಿನ ಉಸಿರು ಕಟ್ಟಿದೆ, ಒಮ್ಮೆ ನೀರು ಹೊರಗೆ ಬಿಡಿ.

ಇದನ್ನು ಅಳೆಯುವುದು ಸುಲಭ ಅಲ್ಲ. ನಾನು ಓದುವ ಕಾಲದಲ್ಲಿ ಅಕ್ರಿಲಿಕ್ ಪೆಟ್ಟಿಗೆಯನ್ನು ನಾಲ್ಕಾರು ಬುಡದ ಮೇಲೆ ಕವುಚಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆಯುವ ಕೆಲಸ ನನ್ನದಾಗಿತ್ತು. ಮೊದಲ ದಿನ ಬಂದ ಸಂಖ್ಯೆ ನೋಡಿ ಗುರುಗಳು ಹೌಹಾರಿದರು. ಆಮೇಲೆ ಗೊತ್ತಾಯಿತು. ನಾನು ಪೆಟ್ಟಿಗೆಯ ಪಕ್ಕದಲ್ಲೇ ಕೆಸರಿನಲ್ಲಿ ನಿಂತಿದ್ದೆ. ನಾನು ಕಾಲು ಬದಲಿಸಿದಾಗಲೆಲ್ಲ ಗುಳ್ಳೆ ಎದ್ದು ಪೆಟ್ಟಿಗೆಯೊಳಗೆ ಹೋಗುತ್ತಿತ್ತು! ಮರುದಿನದಿಂದ ಹಲಗೆ ಹಾಕಿ ಅದರ ಮೇಲೆ ಕೂತೆವು. ಪೈಪಿನವರು ನಾಳೆ ಅಳತೆ ಮಾಡುತ್ತೇವೆ ಅಂತ ಬಂದರೆ ಹಲಗೆ ತಂದಿದ್ದಾರಾ ನೋಡಿ.

ಅಳತೆಯ ಮಾತು ಬಂದಾಗ ಒಂದು ಹಳೆಯ ಜಗಳವನ್ನೂ ಹೇಳಬೇಕು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು ಭಾರತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮಿಥೇನ್ ಬರುತ್ತದೆ ಎಂದಿತ್ತು. ಬೇರೆ ದೇಶದ ಗದ್ದೆಗಳ ಅಳತೆಯನ್ನು ತಂದು ನಮ್ಮ ಎಕರೆಗಳಿಗೆ ಗುಣಿಸಿದ ಲೆಕ್ಕ ಅದು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರಾ ಅವರ ಮುಂದಾಳತ್ವದಲ್ಲಿ ನಮ್ಮವರೇ ದೇಶದ ಬೇರೆ ಬೇರೆ ಕಡೆಯ ಗದ್ದೆಗಳಿಗೆ ಇಳಿದು ಅಳೆದರು. ಬಂದದ್ದು ಸುಮಾರು 40 ಲಕ್ಷ ಟನ್. ಹತ್ತರಲ್ಲಿ ಒಂದು ಪಾಲು! ನಮ್ಮಲ್ಲಿ ಎಷ್ಟೋ ಗದ್ದೆಗಳಿಗೆ ಮಳೆಯೇ ಗತಿ. ನೀರು ಬರುತ್ತದೆ, ಹೋಗುತ್ತದೆ. ಹಾಗಾಗಿ ಗದ್ದೆಯ ಮಿಥೇನ್ ಅಂದ ಕೂಡಲೇ ಅದು ಪರದೇಶದವರ ಸಂಚು ಅನ್ನುವವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಆದರೆ 40 ಲಕ್ಷ ಟನ್ನೂ ಸಣ್ಣದಲ್ಲ, ಅಲ್ವಾ?

ಈಗ ಬೈಕಿನ ಲೆಕ್ಕ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2019ರಲ್ಲಿ ಪರಿಷ್ಕರಿಸಿದ ಕೈಪಿಡಿ ಇದೆ. ಅದರ ಪ್ರಕಾರ ದಕ್ಷಿಣ ಏಷ್ಯಾದಲ್ಲಿ ನೀರು ನಿಂತೇ ಇರುವ, ಗೊಬ್ಬರ ಸೊಪ್ಪು ಏನೂ ಹಾಕದ ಗದ್ದೆಯಿಂದ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋ ಮಿಥೇನ್. ಮಳೆ ನಂಬಿದ ಗದ್ದೆಯಾದರೆ ಅದರ 0.54 ಪಾಲು. ನಿಮ್ಮ ಬೈಲು ಇವೆರಡರ ನಡುವಿನದು. ಆಕಾಶದ ನೀರೇ, ಆದರೆ ಆಗಸ್ಟ್‌ವರೆಗೆ ನಿಂತೇ ಇರುತ್ತದೆ. ನಟ್ಟಿಯಾದ ಮೇಲೆ 110 ದಿನ ಹಿಡಿದರೆ 2 ಎಕರೆಗೆ ಸುಮಾರು 40ರಿಂದ 75 ಕಿಲೋ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮಿಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಅಂದರೆ 1.1ರಿಂದ 2.1 ಟನ್. ನಿಮ್ಮ ಮಗ ದಿನಕ್ಕೆ 30 ಕಿಲೋಮೀಟರ್ ಓಡಿಸಿ, ಲೀಟರಿಗೆ 50 ಕೊಟ್ಟರೆ ವರ್ಷಕ್ಕೆ 220 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೋದಂತೆ ಅರ್ಧ ಟನ್. ಹಾಗಾಗಿ ಗೊಬ್ಬರ ಹುಲ್ಲು ಹಾಕದ ಗದ್ದೆಯೇ ಅವನ ಬೈಕಿನ ಎರಡರಿಂದ ನಾಲ್ಕು ಪಟ್ಟು. ಹುಡುಗ ಗೆದ್ದ.

ಆದರೆ ಅವನಿಗೆ ಎರಡು ಮಾತು ಹೇಳಿ. ಬೈಕಿನ ಹೊಗೆ ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಗಾಲ. ಅದರಲ್ಲಿ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲೇ ಇರುತ್ತದೆ, ವರ್ಷ ವರ್ಷ ಪೇರುತ್ತ ಹೋಗುತ್ತದೆ. ಗದ್ದೆಯ ಮಿಥೇನ್ ಸುಮಾರು ಹನ್ನೆರಡು ವರ್ಷದಲ್ಲಿ ಒಡೆದುಹೋಗುತ್ತದೆ. ಇದರ ಇನ್ನೊಂದು ಮುಖವೂ ಇದೆ. ಇರುವಷ್ಟು ದಿನ ಅದು ತುಂಬಾ ಜೋರು, ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 28 ಅಲ್ಲ, 80ಕ್ಕೂ ಮೇಲೆ. ಇವತ್ತು ಕಡಿಮೆ ಮಾಡಿದರೆ ಫಲ ಅವನ ಕಾಲದಲ್ಲೇ ಕಾಣುತ್ತದೆ. ಎರಡನೆಯ ಮಾತು, ಗದ್ದೆ 30 ಕ್ವಿಂಟಲ್ ಭತ್ತ ಕೊಟ್ಟಿದೆ. ಬೈಕು ಏನು ಕೊಟ್ಟಿತು ಅಂತ ನೀವೇ ಕೇಳಿ.

ಈಗ ನಿಮ್ಮ ಹುಲ್ಲು. ಅದೇ ಕೈಪಿಡಿಯ ಸೂತ್ರದಲ್ಲಿ ನಿಮ್ಮ ಪದ್ಧತಿಯನ್ನು ಹಾಕಿ ನೋಡಿದೆ. ಎಕರೆಗೆ ಒಂದೂವರೆ ಟನ್ ಒಣಹುಲ್ಲು ಅಂತ ಹಿಡಿಯೋಣ. ಅದನ್ನು ನಟ್ಟಿಗೆ ಒಂದು ತಿಂಗಳೊಳಗೆ ಮಣ್ಣಿಗೆ ಸೇರಿಸಿದರೆ ಗದ್ದೆಯ ಮಿಥೇನ್ ಎರಡೂವರೆ ಪಟ್ಟಾಗುತ್ತದೆ. ನೀವು ಮಾಡುತ್ತಿರುವುದು ಇದೇ. ಅಷ್ಟೇ ಹುಲ್ಲನ್ನು ಕೊಯ್ಲಾದ ಕೂಡಲೇ, ನವೆಂಬರಿನಲ್ಲಿ ಸೇರಿಸಿದ್ದರೆ ಏರಿಕೆ ನೂರಕ್ಕೆ 37ರಷ್ಟು ಮಾತ್ರ. ಹುಲ್ಲು ಅದೇ, ಗದ್ದೆ ಅದೇ. ತಿಂಗಳು ಬೇರೆ, ಅಷ್ಟೇ. ಯಾಕೆ ಅಂತೀರಾ? ನವೆಂಬರಿನಿಂದ ಮೇವರೆಗೆ ಮಣ್ಣು ಬಾಯಿ ಬಿಟ್ಟುಕೊಂಡಿರುತ್ತದೆ. ಆಮ್ಲಜನಕದ ಪಂಕ್ತಿಯವರು ಆರಾಮಾಗಿ ಕೂತು ಉಣ್ಣುತ್ತಾರೆ. ಜೂನಿನಲ್ಲಿ ನೀರು ನಿಲ್ಲುವ ಹೊತ್ತಿಗೆ ಕೊನೆಯ ಪಂಕ್ತಿಗೆ ಉಳಿದಿರುವುದು ಎಂಜಲೆಲೆ. ಜೂನಿನಲ್ಲಿ ಹೂಡಿದರೆ ಹಂಡೆ ತುಂಬಾ ಅಡುಗೆ ನೇರವಾಗಿ ಅವರಿಗೇ ಹೋಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ಹುಲ್ಲು ದನಕ್ಕೆ. ಮಷಿನ್ ತುಳಿದ ಹುಲ್ಲನ್ನು ದನ ಮೂಸಿ ಬಿಡುತ್ತದೆ ಅನ್ನುವವರು ಇದ್ದಾರೆ, ಗೊತ್ತು. ಬಿಟ್ಟದ್ದು ತೆಂಗಿನ ಬುಡಕ್ಕೆ, ಅಡಿಕೆ ಇದ್ದರೆ ಅದರ ಬುಡಕ್ಕೆ. ಒಣ ನೆಲದ ಮೇಲೆ ಹೊದಿಕೆಯಾಗಿ ಬಿದ್ದ ಹುಲ್ಲಿಂದ ಮಿಥೇನ್ ಭಯ ಇಲ್ಲ, ಬೇಸಿಗೆಯಲ್ಲಿ ನೀರೂ ಉಳಿಯುತ್ತದೆ. ಆಮೇಲೂ ಮಿಕ್ಕರೆ ಕೊಯ್ದ ವಾರದೊಳಗೆ, ಮಣ್ಣಿನಲ್ಲಿ ಪಸೆ ಇರುವಾಗಲೇ ಕೂಳೆಯ ಸಮೇತ ಹೂಡಿಬಿಡಿ, ನಂತರ ಶೇಂಗಾ. ಸುಡಬೇಡಿ. ಹುಲ್ಲು ಕೊಯ್ದು, ಬಣವೆ ಒಟ್ಟಿ, ದನಕ್ಕೆ ಹಾಕಿ, ಸಗಣಿಯಾಗಿ ಗದ್ದೆಗೆ ತರುತ್ತಿದ್ದ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಮಷಿನ್ ಬಂದ ಮೇಲೆ ಇದು ಸದ್ದಿಲ್ಲದೆ ಹೆಚ್ಚಾಯಿತು. ಆಳು ಸಿಗದ ಊರಿನಲ್ಲಿ ಮಷಿನ್ ಬೇಡ ಅನ್ನಲು ನನಗಂತೂ ಬಾಯಿಲ್ಲ.

ಕೊಟ್ಟಿಗೆ ಗೊಬ್ಬರ ಬಿಡಬೇಕಾಗಿಲ್ಲ. ಎಕರೆಗೆ 2 ಟನ್ ಹಾಕಿದರೆ ಅದೇ ಸೂತ್ರದಲ್ಲಿ ಸುಮಾರು ಒಂದೂವರೆ ಪಟ್ಟು, ಚೆನ್ನಾಗಿ ಕಳಿತ ಕಾಂಪೋಸ್ಟ್ ಆದರೆ ಅದಕ್ಕಿಂತ ತುಸು ಕಡಿಮೆ. ಅಷ್ಟೇ ತೂಕದ ಹಸಿ ಸೊಪ್ಪನ್ನು ನಟ್ಟಿಯ ಮುಂಚೆ ತುಳಿದರೆ ಎರಡು ಪಟ್ಟು. ಮಣ್ಣಿನ ಮಟ್ಟಿಗೆ ಗೊಬ್ಬರ ಬೇಕೇ ಬೇಕು, ನಮ್ಮ ಮಳೆಗೆ ಮಣ್ಣಿನ ಸತ್ವ ತೊಳೆದು ಹೋಗುತ್ತದೆ. ಹಸಿ ಬೇಡ, ಹಣ್ಣಾದದ್ದು ಹಾಕಿ ಅನ್ನುವುದಷ್ಟೇ ನನ್ನ ಮಾತು.

ಆದರೆ ಗೊಬ್ಬರಗುಂಡಿಯನ್ನು ಒಮ್ಮೆ ನೋಡಿ ಬನ್ನಿ. ನಮ್ಮ ಕಡೆ ಅದು ನೆಲದಲ್ಲಿ ತೋಡಿದ ಗುಂಡಿ. ಜೂನ್ ಹದಿನೈದಕ್ಕೆ ತುಂಬಿ ಕರಿನೀರು ನಿಲ್ಲುತ್ತದೆ. ಅದರೊಳಗೆ ದರಕು, ಸಗಣಿ, ಸೊಪ್ಪು ನಾಲ್ಕು ತಿಂಗಳು ಮುಳುಗಿ ಕೂತಿರುತ್ತದೆ. ಗದ್ದೆಯ ಮಿಥೇನ್ ಬಗ್ಗೆ ಸಭೆ ಮಾಡುವವರು ಈ ಗುಂಡಿಯ ಹತ್ತಿರ ಹೋಗುವುದೇ ಇಲ್ಲ! ಗುಂಡಿಯ ಬದಲು ನೆಲದ ಮೇಲೆ ರಾಶಿ ಮಾಡಿ, ಮೇಲೆ ಮಡ್ಲು ತಟ್ಟಿಯದ್ದೋ ತಗಡಿನದ್ದೋ ಒಂದು ಮಾಡು ಕಟ್ಟಿ, ತಿಂಗಳಿಗೊಮ್ಮೆ ಮಗುಚಿದರೆ ಗೊಬ್ಬರವೂ ಬೇಗ ಆಗುತ್ತದೆ. ಶಿರಸಿ ಕಡೆ ಗೋಬರ್ ಗ್ಯಾಸ್ ಚೆನ್ನಾಗಿ ನೆಲೆ ನಿಂತಿದೆ. ಅದು ಇನ್ನೂ ಒಳ್ಳೆಯ ದಾರಿ. ಮಿಥೇನ್ ಒಲೆಯಲ್ಲಿ ಉರಿದುಹೋಗುತ್ತದೆ, ಹೊರಬರುವ ಬಗ್ಗಡದಲ್ಲಿ ಸುಲಭಕ್ಕೆ ಕೊಳೆಯುವ ಪದಾರ್ಥ ಕಡಿಮೆ. ಪೈಪು ಸೋರದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಈಗ ನೀರು. ನೀವು ಕೇಳಿದ್ದು ಸರಿಯಾಗಿದೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರು ನಮ್ಮದು. ಪುನರ್ವಸು, ಪುಷ್ಯ ಮಳೆಯಲ್ಲಿ ಬೈಲು ಗದ್ದೆ ಒಣಗಿಸಿ ಅನ್ನುವುದು ಹೊಳೆಯನ್ನು ಹಿಂದಕ್ಕೆ ಹರಿಸಿ ಅಂದ ಹಾಗೆ. ಆ ಪೈಪಿನ ವಿದ್ಯೆ ಸುಳ್ಳಲ್ಲ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹಬ್ಬಿಸಿದ್ದು ಅದು. 30 ಸೆಂಟಿಮೀಟರ್ ಉದ್ದದ ತೂತು ಕೊರೆದ ಪೈಪನ್ನು ಅರ್ಧಕ್ಕಿಂತ ಹೆಚ್ಚು ಹೂಳುತ್ತಾರೆ. ಒಳಗೆ ಇಣುಕಿದರೆ ನೀರು ಮಣ್ಣಿನಿಂದ ಎಷ್ಟು ಕೆಳಗಿದೆ ಅಂತ ಕಾಣುತ್ತದೆ. 15 ಸೆಂಟಿಮೀಟರ್ ಇಳಿದಾಗ ಮತ್ತೆ ನೀರು ಹಾಯಿಸುತ್ತಾರೆ. ಮಿಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಇಳುವರಿ ಕೆಡುವುದಿಲ್ಲ, ಪಂಪಿನ ಖರ್ಚೂ ಉಳಿಯುತ್ತದೆ. ಆದರೆ ಇದೆಲ್ಲ ನೀರಿನ ಕೀಲಿ ರೈತನ ಕೈಯಲ್ಲಿ ಇರುವ ಕಡೆಗೆ. ಬೇಸಿಗೆಯಲ್ಲಿ ಹಳ್ಳಕ್ಕೆ ಪಂಪು ಇಟ್ಟು ಎರಡನೇ ಭತ್ತ ಬೆಳೆಯುವವರು ಧಾರಾಳವಾಗಿ ಮಾಡಲಿ. ನೀವು ಬೇಸಿಗೆಗೆ ಶೇಂಗಾ ಹಾಕುತ್ತೀರಿ. ಆರು ತಿಂಗಳು ಮಣ್ಣು ಒಣಗಿಸುತ್ತೀರಿ. ಅದು ಆಗಲೇ ಪೈಪಿಗಿಂತ ದೊಡ್ಡ ಕೆಲಸ.

ಮಳೆಗಾಲದಲ್ಲೂ ಒಂದು ಕಿಂಡಿ ಸಿಗುತ್ತದೆ. ಜುಲೈ ಮೊದಲ ವಾರ ನಟ್ಟಿ ಮಾಡಿದವರಿಗೆ ಆಶ್ಲೇಷಾ ಮುಗಿದು ಮಘೆ ಹಿಡಿಯುವ ಹೊತ್ತಿಗೆ 35–40 ದಿನ ಆಗಿರುತ್ತದೆ. ತೆಂಡೆ ಒಡೆದು ಮುಗಿದಿದೆ, ಹೊಡೆ ಇನ್ನೂ ಕಟ್ಟಿಲ್ಲ. ಆಗ ಮಳೆ ನಾಲ್ಕು ದಿನ ಹಿಂಜರಿದರೆ ಬದುವಿನ ಬಾಯಿ ಬಿಡಿಸಿ ನೀರು ಹೊರಹಾಕಿ. ಐದಾರು ದಿನ ಸಾಕು. ಮಣ್ಣಿನ ಮೇಲೆ ಕೂದಲೆಳೆಯಂಥ ಬಿರುಕು ಕಂಡರೆ ಸಾಕು, ಕಾಲು ಹುಗಿಯದಿದ್ದರೆ ಸಾಕು. ಅಷ್ಟರಲ್ಲಿ ಕಬ್ಬಿಣ ಮತ್ತೆ ತುಕ್ಕು ಹಿಡಿಯುತ್ತದೆ. ನೀರು ತಿರುಗಿ ನಿಂತರೂ ಪಂಕ್ತಿ ಮೊದಲಿನಿಂದ ಶುರು. ಒಂದೇ ಸಲ ಹೀಗೆ ಬಸಿದರೆ ನೂರಕ್ಕೆ ಸುಮಾರು 30ರಷ್ಟು ಇಳಿಯುತ್ತದೆ ಅನ್ನುವುದು ಕೈಪಿಡಿಯ ಲೆಕ್ಕ. ಜಪಾನಿನ ರೈತರು ಹವಾಮಾನದ ಮಾತು ಹುಟ್ಟುವ ಮುಂಚಿನಿಂದಲೂ ಇದನ್ನು ಮಾಡುತ್ತಾರೆ, ಬೇಡದ ತೆಂಡೆ ನಿಲ್ಲಲಿ, ಗಿಡ ಬೀಳದಿರಲಿ ಅಂತ. ಹೂ ಬರುವಾಗ ಮಾತ್ರ ಒಣಗಿಸಬೇಡಿ, ಜೊಳ್ಳಾಗುತ್ತದೆ. ಕೊಯ್ಲಿಗೆ ಎರಡು ವಾರ ಇರುವಾಗ ಪೂರ್ತಿ ನೀರು ಬಿಡಿ. ಮಷಿನ್ ಹುಗಿಯುವುದಿಲ್ಲ ಅಂತಾದರೂ ಮಾಡುತ್ತೀರಲ್ಲ.

ಯೂರಿಯಾದ ಬಗ್ಗೆ ಒಂದು ಎಚ್ಚರ. ಒಣಗಿಸಿ ನೆನೆಸುವಾಗ ಮಣ್ಣಿನಲ್ಲಿ ಸಾರಜನಕ ಜಾಸ್ತಿ ಇದ್ದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟು ಜೋರು. ದಕ್ಷಿಣ ಭಾರತದ ಗದ್ದೆಗಳಲ್ಲೇ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅತಿಯಾಗಿ ಒಣಗಿಸಿ ನೆನೆಸಿದ ಕಡೆ ಇದು ಎಣಿಸಿದ್ದಕ್ಕಿಂತ ತುಂಬಾ ಜಾಸ್ತಿ ಅಂತ ತೋರಿಸಿತು. ಹಾಗಾಗಿ ಯೂರಿಯಾ ಚೆಲ್ಲಿ ಒಣಗಲು ಬಿಡಬೇಡಿ. ಒಣಗಿಸುವ ಕೆಲಸ ಮುಗಿದ ಮೇಲೆ, ನೀರು ಕಟ್ಟುವ ಮುನ್ನ, ಸ್ವಲ್ಪವೇ ಹಾಕಿ.

ಇದರಲ್ಲಿ ಕಷ್ಟದ ಭಾಗ ನೆರೆಹೊರೆ. ಬೈಲಿನಲ್ಲಿ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ನೀವು ಬಾಯಿ ಬಿಟ್ಟರೆ ಕೆಳಗಿನವರ ಗದ್ದೆ ತುಂಬುತ್ತದೆ, ಮೇಲಿನವರು ಬಿಟ್ಟರೆ ನಿಮ್ಮದು. ನಡುವೆ ಯಾರೋ ಮೊನ್ನೆ ತಾನೇ ಯೂರಿಯಾ ಹಾಕಿರುತ್ತಾರೆ, ಜಗಳ ಗ್ಯಾರಂಟಿ. ಬೈಲಿನ ಅಂಚಿನಲ್ಲಿ ಹಳೆಯ ಬಸಿಗಾಲುವೆ ಇದ್ದೇ ಇರುತ್ತದೆ, ಈಗ ಮುಚ್ಚಿಹೋಗಿರಬಹುದು. ಮೇ ತಿಂಗಳಲ್ಲಿ ನಾಲ್ಕು ಮನೆಯವರು ಸೇರಿ ಅದನ್ನು ಬಿಡಿಸಿಕೊಂಡರೆ ಆಗಸ್ಟಿನಲ್ಲಿ ಮಾತು ಸುಲಭ.

ಘಟ್ಟದ ಮೇಲೆ, ಮುಂಡಗೋಡ, ಬನವಾಸಿ ಕಡೆ ಮಳೆ ಹಿಡಿಯುವ ಮುಂಚೆ ಒಣ ಮಣ್ಣಿಗೆ ಕೂರಿಗೆಯಲ್ಲಿ ಬಿತ್ತುವ ರೂಢಿ ಇದೆ. ನೀರು ನಿಲ್ಲುವ ದಿನ ಕಡಿಮೆ, ಮಿಥೇನ್ ಕೂಡ ಕಡಿಮೆ. ನಿಮ್ಮ ಬೈಲಿನಲ್ಲಿ ಅದು ನಡೆಯದು, ಬೀಜ ಕೊಚ್ಚಿಹೋಗುತ್ತದೆ. ಮಕ್ಕಿ ಗದ್ದೆ, ಅಂದರೆ ನೀರು ನಿಲ್ಲದ ಎತ್ತರದ ಗದ್ದೆ ಇದ್ದವರು ನೋಡಬಹುದು, ಕಳೆಯ ಕಾಟಕ್ಕೆ ತಯಾರಿದ್ದರೆ.

ನಿಮ್ಮ ತವರಿನ ಮಾತಿಗೆ ಬರುತ್ತೇನೆ, ನನಗೆ ಇಷ್ಟವಾದ ಪ್ರಶ್ನೆ ಅದೇ. ಗಜನಿಯ ಕೆಸರು ನಾರುತ್ತದೆ, ಹೌದು. ಆದರೆ ಮಿಥೇನಿಗೆ ವಾಸನೆಯೇ ಇಲ್ಲ. ನಾರುವುದು ಗಂಧಕದ ಅನಿಲ, ಹೈಡ್ರೋಜನ್ ಸಲ್ಫೈಡ್. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಸಮುದ್ರದ ಭರತ ಬಂದಾಗಲೆಲ್ಲ ಅದು ಗಜನಿಗೆ ಏರುತ್ತದೆ. ಸಲ್ಫೇಟಿನ ಪಂಕ್ತಿಯವರಿಗೆ ಬಡಿಸಿದಷ್ಟೂ ಮುಗಿಯುವುದಿಲ್ಲ, ಅವರು ಎಲೆ ಬಿಟ್ಟು ಏಳುವುದೇ ಇಲ್ಲ. ಕೊನೆಯ ಪಂಕ್ತಿಯವರು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಅಲ್ಲಿ ಮೂಗಿಗೆ ಹೊಡೆಯುವ ವಾಸನೆ ಹೇಳುವುದು ಇಷ್ಟೇ, ಊಟ ಇನ್ನೂ ಮಿಥೇನಿನವರೆಗೆ ಹೋಗಿಲ್ಲ. ಸಿಹಿನೀರಿನ ನಿಮ್ಮ ಬೈಲಿನಲ್ಲಿ ವಾಸನೆ ಇಲ್ಲ, ಮಿಥೇನ್ ಇದೆ. ಮೂಗನ್ನು ನಂಬಿದರೆ ಲೆಕ್ಕ ಪೂರ್ತಿ ತಿರುಗಾಮುರುಗಾ.

ಹಾಗಂತ ಗಜನಿಯಲ್ಲಿ ಸೊನ್ನೆ ಅಂತ ಹೇಳಲಾರೆ. ಜುಲೈ, ಆಗಸ್ಟಿನಲ್ಲಿ ಮಳೆ ಮತ್ತು ಹೊಳೆಯ ನೀರು ಉಪ್ಪನ್ನು ತೊಳೆಯುತ್ತದೆ. ಆ ಸಿಹಿ ಹೊತ್ತು ನೋಡಿಯೇ ಅಲ್ಲವೇ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುವುದು? ಆಗ ಸಲ್ಫೇಟ್ ಕಡಿಮೆಯಾಗಿ ಮಿಥೇನಿನವರಿಗೂ ಸ್ವಲ್ಪ ಜಾಗ ಸಿಗುತ್ತದೆ. ಆದರೆ ಕಗ್ಗಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ಯೂರಿಯಾ ಇಲ್ಲ. ಆಳೆತ್ತರ ಬೆಳೆದ ಗಿಡದ ತೆನೆ ಮಾತ್ರ ಕೊಯ್ದು ದಂಟು ಬಿಡುತ್ತಾರೆ. ಅದು ಕೊಳೆಯುವುದು ಉಪ್ಪುನೀರು ತಿರುಗಿ ಬಂದ ಮೇಲೆ, ತಿನ್ನುವುದು ಸೀಗಡಿ, ಮೀನು. ನಿಮ್ಮ ಬೈಲಿನಲ್ಲಿ ತಪ್ಪಾಗುವ ಕೆಲಸ, ಹುಲ್ಲನ್ನು ನೀರಿಗೆ ಬಿಡುವುದು, ಅಲ್ಲಿ ಅಷ್ಟು ತಪ್ಪಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಒಡ್ಡು ಒಡೆದು, ಗೇಟು ಕೆಟ್ಟು, ಕಗ್ಗ ಬಿತ್ತುವವರು ಕಡಿಮೆಯಾಗುತ್ತಿದ್ದಾರೆ. ತವರಿನಲ್ಲಿ ಇನ್ನೂ ಬಿತ್ತುತ್ತಿದ್ದರೆ ಒಂದು ಮುಡಿ ಅಕ್ಕಿ ಕೇಳಿ ತನ್ನಿ.

ಕೊನೆಗೆ ಪೈಪಿನವರು ಸಹಿ ಕೇಳುವ ಕರಾರಿನ ಕಾಗದ. ಕಾರ್ಬನ್ ಕ್ರೆಡಿಟ್ ಎಂದರೆ, ನೀವು ಕಡಿಮೆ ಮಾಡಿದ ಮಿಥೇನನ್ನು ಎಲ್ಲೋ ಹೊಗೆ ಬಿಡುವ ಕಂಪನಿ ಲೆಕ್ಕದಲ್ಲಿ ಕೊಳ್ಳುವುದು. ಕಡಿಮೆಯಾದದ್ದು ನಿಜವೇ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಇಂಥ ಕ್ರೆಡಿಟ್ ನೋಂದಾಯಿಸುವ ವೆರಾ ಎಂಬ ಸಂಸ್ಥೆ 2023ರಲ್ಲಿ ಭತ್ತದ ಹಳೆಯ ಲೆಕ್ಕದ ವಿಧಾನವನ್ನೇ ನಿಲ್ಲಿಸಿತು. 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು. ನಿಮ್ಮ ಗದ್ದೆಯನ್ನು ಅವರು 'ಮೊದಲು ಪೂರ್ತಿ ನೀರು ನಿಲ್ಲುತ್ತಿತ್ತು' ಅಂತ ಬರೆದುಕೊಳ್ಳುತ್ತಾರಾ, 'ಮಳೆ ಆಶ್ರಿತ' ಅಂತಲಾ, ಅದನ್ನು ಕೇಳಿ. ಆಕಾಶ ಬಿಟ್ಟ ನೀರನ್ನು ನೀವು ಬಿಟ್ಟದ್ದು ಅಂತ ಮಾರಿದರೆ ನಾಳೆ ಬಾಯಿಗೆ ಬರುವುದು ನಿಮ್ಮ ಹೆಸರು. ಹುಲ್ಲನ್ನು ನವೆಂಬರಿನಲ್ಲಿ ಹೂಡಿದ್ದಕ್ಕೆ, ಗೊಬ್ಬರ ಹಣ್ಣು ಮಾಡಿ ಹಾಕಿದ್ದಕ್ಕೆ ದುಡ್ಡು ಉಂಟಾ ಕೇಳಿ. ಕರಾರು ಕನ್ನಡದಲ್ಲಿ ಬೇಕು ಅನ್ನಿ. ಎಷ್ಟು ವರ್ಷದ ಕಟ್ಟು, ನಡುವೆ ಗದ್ದೆಗೆ ಅಡಿಕೆ ಹಾಕಿದರೆ ದಂಡ ಉಂಟಾ, ಅಳತೆ ಯಾರು ಮಾಡುತ್ತಾರೆ, ಮಾರಿದ ಬೆಲೆಯಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು, ಇದೆಲ್ಲ ಬರಹದಲ್ಲಿ ಇರಲಿ. ಮಗ ರಜೆಗೆ ಬಂದಾಗ ಅವನ ಕೈಯಲ್ಲೇ ಓದಿಸಿ. ಅಲ್ಲಿಯವರೆಗೆ ಸಹಿ ಬೇಡ.